ಸೌದೆ ಒಲೆಯನ್ನು ಲೆಕ್ಕಕ್ಕೆ ಹಿಡಿಯದ ಪರೀಕ್ಷೆ

ಇಂಧನ ಉಳಿತಾಯ ಕಚೇರಿಯ ಪರೀಕ್ಷಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ನಾನು ಎರ್ಮೀನ್ ಗೊಸ್ಲಾಂ. ವಯಸ್ಸು ಎಪ್ಪತ್ತೊಂದು. ಮೇನ್ ರಾಜ್ಯದ ಈ ಗಿರಣಿ ಊರಿನಲ್ಲಿ ಮೂರಂತಸ್ತಿನ ಮನೆಯ ಯಜಮಾನಿ. ಮೂರರಲ್ಲೂ ನನ್ನವರೇ ಹನ್ನೊಂದು ಮಂದಿ ಇದ್ದಾರೆ. ಹೈಸ್ಕೂಲು ಮುಗಿಸಿದ್ದೇನೆ, ಆದ್ದರಿಂದ ನಿಮ್ಮ ವರದಿಯನ್ನು ನಾನೇ ಓದಿದೆ. ಹನ್ನೆರಡನೆಯ ಪುಟದಲ್ಲಿರುವ ‘ಏಳನೇ ಮನೆ’ ನನ್ನದು. ಆ ಪುಟ ಸುಳ್ಳು.

ಹೊರಗಿನ ಚಳಿಗೆ ತಕ್ಕಂತೆ, ಮನೆ ಕಾಯಿಸುವ ಬಾಯ್ಲರಿನ ನೀರಿನ ಬಿಸಿಯನ್ನು ಏರಿಳಿಸುವ ಪೆಟ್ಟಿಗೆಯೊಂದನ್ನು ನವೆಂಬರಿನಲ್ಲಿ ನಮ್ಮ ನೆಲಮಾಳಿಗೆಯಲ್ಲಿ ಕೂರಿಸಿ, ನಾವು ಮುಟ್ಟದಂತೆ ಬೀಗ ಹಾಕಿ ಹೋದಿರಿ. ಡಿಸೆಂಬರಿಗೆಲ್ಲ ಕೋಣೆಗಳ ಬಿಸಿನೀರಿನ ಕೊಳವೆಗಳು ಬರೀ ಉಗುರುಬೆಚ್ಚಗಾದವು. ಮೇಲಿನ ಅಂತಸ್ತಿನ ಮೊಮ್ಮಕ್ಕಳು ಹಾಸಿಗೆ ಹೊತ್ತು ನನ್ನ ಅಡುಗೆಮನೆಗೆ ಇಳಿದರು. ಅಲ್ಲಿ ನನ್ನ ಅತ್ತೆಯ ಕಾಲದ ಸೌದೆ ಒಲೆಯಿದೆ. ಮಾರ್ಚಿನೊಳಗೆ ಮೂರು ಗಾಡಿ ಮೇಪಲ್ ಸೌದೆ ಬೂದಿಯಾಯಿತು. ನೀವು ಮಾತ್ರ ಬಾಯ್ಲರಿಗೆ ಉರಿಸುವ ಎಣ್ಣೆ ಶೇಕಡಾ ಇಪ್ಪತ್ತೆಂಟು ಉಳಿಯಿತು ಎಂದು ಬರೆದಿದ್ದೀರಿ. ಉಳಿಯದೆ ಏನು? ಬಾಯ್ಲರನ್ನೇ ಕಿತ್ತುಹಾಕಿದ್ದರೆ ನೂರಕ್ಕೆ ನೂರು ಉಳಿಯುತ್ತಿತ್ತಲ್ಲವೇ?

ನಿಮ್ಮ ಪರೀಕ್ಷಕರು ಪ್ರತಿ ಗುರುವಾರ ಬರುತ್ತಿದ್ದರು. ಕೈಗವಸನ್ನು ಒಲೆಯ ಸರಳಿನ ಮೇಲೆ ಒಣಹಾಕಿ, ನಾನು ಕೊಟ್ಟ ಬಟಾಣಿ ಸೂಪ್ ಕುಡಿದು, ಒಲೆಯಿಂದ ನಾಲ್ಕು ಹೆಜ್ಜೆ ದೂರದ ಗೋಡೆಯ ಮಾಪಕದಲ್ಲಿ ತಾಪಮಾನ ಓದುತ್ತಿದ್ದರು.

“ಮನೆ ಬೆಚ್ಚಗಿದೆಯೇನಮ್ಮ?” ಎಂದು ಕೇಳಿದರು.

“ನನ್ ಮನೆಗೆ ಬಂದೋರು ಯಾರೂ ನಡುಗ್ತಾ ಹೋಗಿಲ್ಲ,” ಎಂದೆ.

ಸೊಸೆ ಪೋಲೀನ್ ಪಿಸುಗುಟ್ಟಿದಳು: “ಅತ್ತೆ, ಚಳಿ ಅಂತ ಹೇಳ್ಬಿಡಿ. ನೀವು ಹೇಳ್ದೆ ಅವರಿಗೇನು ಕನಸು ಬೀಳತ್ತಾ?”

“ಸುಮ್ನಿರು. ಬಂದೋರ ಮುಂದೆ ಮನೆ ಮರ್ಯಾದೆ ಕಳೀಬೇಡ.”

ಅವರು ‘ನಿವಾಸಿಗಳು ತೃಪ್ತರು’ ಎಂದು ಬರೆದುಕೊಂಡರು. ಗುರುವಾರ ಬೆಳಿಗ್ಗೆ ನಾನು ಬೇಕೆಂದೇ ಎರಡು ಕೊರಡು ಹೆಚ್ಚಿಗೆ ತುರುಕುತ್ತಿದ್ದೆ. ಅತಿಥಿ ಬರುವ ದಿನ ನಮ್ಮಲ್ಲಿ ಯಾವ ಹೆಂಗಸಾದರೂ ಹಾಗೆಯೇ ಮಾಡುತ್ತಾಳೆ. ನನ್ನ ಜಂಬ ಅಳೆಯುವ ಯಂತ್ರ ನಿಮ್ಮಲ್ಲಿಲ್ಲ, ಒಪ್ಪಿದೆ. ಆದರೆ ಹಸುವಿನಷ್ಟು ದೊಡ್ಡ ಒಲೆ ಕಣ್ಣಿಗೆ ಬೀಳಲಿಲ್ಲವೇ? ಕೈಗವಸು ಯಾವುದರ ಮೇಲೆ ಒಣಗಿತು ಎಂದು ಆ ವಿದ್ಯಾವಂತರು ತಿಳಿದಿದ್ದರು? ಇದನ್ನು ವಿಜ್ಞಾನವೆಂದು ಕರೆಯುವುದು ಕೇಳಿದರೆ ನನಗೆ ವಾಕರಿಕೆ ಬರುತ್ತದೆ.

ಇಷ್ಟೇ ಆಗಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಆ ಪುಟ ತೋರಿಸಿಯೇ ನೀವು ನದಿದಂಡೆಯ ವೃದ್ಧರ ವಸತಿಗೆ ಇದೇ ಪೆಟ್ಟಿಗೆ ಹಾಕಲು ಹೊರಟಿದ್ದೀರಿ. ಅಲ್ಲಿ ಮೂವತ್ತನಾಲ್ಕು ಮನೆಗಳಿವೆ, ಒಂದರಲ್ಲೂ ಸೌದೆ ಒಲೆಯಿಲ್ಲ. ಒಂದರಲ್ಲಿ ನನ್ನ ನಾದಿನಿ ಓಡೀಲ್ ಇದ್ದಾಳೆ. ಎರಡು ಸಲ ನ್ಯುಮೋನಿಯಾ ಆಗಿ ಬದುಕಿದವಳು.

“ಪೆಟ್ಟಿಗೆಯ ಒಪ್ಪಿಗೆ ಪತ್ರಕ್ಕೆ ನೀನ್ಯಾಕೆ ಸಹಿ ಹಾಕ್ದೆ?” ಎಂದು ಕೇಳಿದೆ.

“ಅತ್ತಿಗೆ, ನಿಮ್ಮನೇಲಿ ಬೆಚ್ಚಗಿತ್ತು ಅಂತ ಅವರ ವರದೀಲೇ ಬರ್ದಿದೆ. ನೀವು ಹೇಳಿದ್ಮೇಲೆ ಇನ್ನೇನು ನೋಡೋದು?”



ಹನ್ನೆರಡನೆಯ ಪುಟವನ್ನು ರದ್ದು ಮಾಡಿ. ಒಲೆಯಿಲ್ಲದ ಮನೆಯಲ್ಲಿ, ಮಲಗುವ ಕೋಣೆಯಲ್ಲಿ ತಾಪಮಾನ ಓದಿ, ಪರೀಕ್ಷೆಯನ್ನು ಮೊದಲಿನಿಂದ ಮಾಡಿ. ಫೆಬ್ರವರಿಯಲ್ಲಿ ಒಂದು ವಾರ ನೀವೇ ಅಲ್ಲಿ ಮಲಗಿ.

ನಿಮ್ಮ ಉತ್ತರಕ್ಕೆ ನಾನು ಕಾದಿಲ್ಲ. ನಿನ್ನೆ ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಸಭಾಂಗಣದಲ್ಲಿ, ಪಾದ್ರಿಗಳ ಎದುರಿಗೇ ಎದ್ದು ನಿಂತೆ. “ನಮ್ಮನೆ ಬೆಚ್ಚಗಿದ್ದಿದ್ದು ಸೌದೆಯಿಂದ. ಚಳಿ ಅಂತ ಒಪ್ಕೊಳ್ಳೋಕೆ ನಾಚ್ಕೆಯಾಗಿ ಸುಳ್ಳು ಹೇಳ್ದೆ,” ಎಂದೆ. ಯಾರೂ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. ಆಮೇಲೆ ವೃದ್ಧರ ವಸತಿಯವರು ಒಬ್ಬೊಬ್ಬರಾಗಿ ನನ್ನ ಮೇಜಿನ ಹತ್ತಿರ ಬಂದು ಸಹಿ ಹಾಕಿದರು. ಒಪ್ಪಿಗೆ ಹಿಂತೆಗೆದುಕೊಂಡ ಮೂವತ್ತನಾಲ್ಕು ಪತ್ರಗಳು ಈ ಲಕೋಟೆಯಲ್ಲಿವೆ. ಮೇಲಿರುವುದು ಓಡೀಲಳದ್ದು.

ಇಂತಿ,
ತಪ್ಪು ಒಪ್ಪಿಕೊಂಡು ಅಭ್ಯಾಸವಿಲ್ಲದ
ಎರ್ಮೀನ್ ಗೊಸ್ಲಾಂ