ಗಾಜಿನ ತಟ್ಟೆಯಲ್ಲಿ ಸತ್ತ ಕ್ಯಾನ್ಸರ್

ಮಾರ್ಚ್ ಹನ್ನೊಂದು, ಮಂಗಳವಾರ

ಮೈಯೆಲ್ಲ ಉರಿಯುತ್ತಿದೆ. ಭಾವ ನಾಳೆ ಆಸ್ಪತ್ರೆಗೆ ಬರುವುದಿಲ್ಲವಂತೆ. ಹೊಟ್ಟೆಯ ಕ್ಯಾನ್ಸರಿಗೆ ಕೀಮೋ ಡ್ರಿಪ್ ಬೇಡವಂತೆ, ಎಲೆಯ ಕಷಾಯ ಸಾಕಂತೆ. ಅಕ್ಕ ಆಗಲೇ ಒಲೆ ಮೇಲೆ ಪಾತ್ರೆ ಇಟ್ಟಿದ್ದಾಳೆ, ಮನೆಯೆಲ್ಲ ಕಹಿ ವಾಸನೆ.

“ಯಾವನು ಹೇಳಿದ್ದು ನಿಂಗೆ?” ಅಂದೆ.

“ನೀನೇ ಅಲ್ವೇನಯ್ಯಾ,” ಅಂದ.

ಹೌದು, ನಾನೇ. ಅವನ ಮಗಳ ಲ್ಯಾಬಿಗೆ ಹೋಗಿದ್ದೆ. ಎಲೆಯ ಸಾರ ಬಿದ್ದ ಕ್ಯಾನ್ಸರ್ ಜೀವಕೋಶಗಳು ಸುರುಟಿಕೊಂಡು ಚೂರಾಗುವುದನ್ನು ಕಣ್ಣಾರೆ ನೋಡಿದೆ. ತಮ್ಮನ್ನು ತಾವೇ ಕೊಂದುಕೊಳ್ಳುತ್ತವೆ ಮಾವ ಅಂದಳು. ಇಂಥದ್ದನ್ನು ನೋಡಿಯೂ ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನವೇ? ಬೀದಿಗೆಲ್ಲ ಸಾರಿದೆ.

ಸಂಜೆ ಅವಳು ಫೋನಿನಲ್ಲಿ ಬೆಂಕಿ ಕಾರಿದಳು.

“ಅದು ಗಾಜಿನ ತಟ್ಟೆ ಮಾವ, ಅಪ್ಪನ ಹೊಟ್ಟೆ ಅಲ್ಲ. ತಟ್ಟೆಗೆ ಸೋಪಿನ ನೀರು ಬಿಟ್ರೂ ಸಾಯ್ತವೆ. ಔಷಧಿ ಆಗೋಕೆ ಎಷ್ಟು ವರ್ಷ ಬೇಕೋ. ನಾನು ಹೇಳಿದ್ರೆ, ನಿನ್ನ ಮಾವನೇ ನೋಡಿದಾನಲ್ಲ ಅಂತಾರೆ ಅಪ್ಪ.”

ಭಾವನೋ, ನಾನು ಮೊಳದುದ್ದದ ಮೀನು ಹಿಡಿದೆ ಅಂದರೆ ಗೇಣುದ್ದ ಅಂದುಕೊಳ್ಳುವ ಮನುಷ್ಯ. ಹಾವು ಹೊಡೆದೆ ಅಂದರೆ ಎರೆಹುಳವಾ ಅಂತ ಕೇಳುವವನು. ಅಕ್ಕನನ್ನು ಮದುವೆಯಾದಾಗಿನಿಂದ ನನ್ನ ಒಂದು ಮಾತನ್ನೂ ನಂಬದವನು ಇದೊಂದನ್ನೇ ಯಾಕೆ ಇಡಿಯಾಗಿ ನುಂಗಿದ?

ಬೆಳಿಗ್ಗೆ ಹೋಗಿ ಹೇಳುತ್ತೇನೆ, ನಾನು ಲ್ಯಾಬಿನ ಬಾಗಿಲನ್ನೂ ಕಂಡಿಲ್ಲ, ಎಲ್ಲ ಬುರುಡೆ ಅಂತ. ನಂಬುತ್ತಾನೆ, ಖುಷಿಯಾಗಿ ನಂಬುತ್ತಾನೆ. ಜೀವಮಾನದಲ್ಲಿ ಒಂದು ಚೂರೂ ಸೇರಿಸದೆ ಹೇಳಿದ ಮಾತು ಇದೊಂದೇ, ಅದನ್ನೂ ನಾನೇ ಸುಳ್ಳು ಮಾಡಬೇಕು. ಡ್ರಿಪ್ ಒಂದು ಏರಲಿ, ಆಮೇಲೆ ಈ ಮನುಷ್ಯನನ್ನು ನೋಡಿಕೊಳ್ಳುತ್ತೇನೆ.