ಇಸ್ತ್ರಿ ತಾಗಿದ ಚೀಟಿ

ಮನೆಯಿಂದ,
ಬುಧವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯಾ? ನಿನ್ನ ಸೊಂಟದ ನೋವು ಹೇಗಿದೆ? ಜಾರಿ ಬಿದ್ದು ಕಾಲು ಮುರಿದುಕೊಂಡವರು ದೊಡ್ಡಮ್ಮ, ಆದರೆ ಅವರನ್ನು ಎತ್ತಿ ಕೂರಿಸುವವಳು ನೀನು, ಅದಕ್ಕೇ ಮೊದಲು ನಿನ್ನ ಸೊಂಟವನ್ನೇ ವಿಚಾರಿಸಿದೆ. ದೊಡ್ಡಮ್ಮ ಈಗ ಗೋಡೆ ಹಿಡಿದು ನಡೆಯುತ್ತಾರಾ? ಫೋನ್ ಮಾಡಿದರೆ ಅವರು ಸ್ಪೀಕರ್ ಹಾಕಿಸಿ, ನಾನು ನಿನ್ನನ್ನು ಕೇಳಿದ್ದಕ್ಕೆಲ್ಲ ತಾವೇ ಉತ್ತರ ಕೊಡುತ್ತಾರೆ. ಆದ್ದರಿಂದ ಈ ಕಾಗದ. ನಮ್ಮ ಅಂಗಡಿಗೆ ಹೋಟೆಲಿನ ಬಟ್ಟೆ ತರುವ ವ್ಯಾನಿನವರು ಇವತ್ತು ಆ ಕಡೆಗೇ ಹೋಗುತ್ತಾರಂತೆ, ನಿನ್ನ ಕೈಗೇ ಕೊಡುತ್ತಾರೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪ ಅಡುಗೆ ಮಾಡುತ್ತಾರೆ, ನಾನು ತಿನ್ನುತ್ತೇನೆ, ಆಮೇಲೆ ಇಬ್ಬರೂ ಅದರ ಸುದ್ದಿ ಎತ್ತುವುದಿಲ್ಲ.

ಈಗ ಕಾಲೇಜಿನ ವಿಷಯ. ಸೋಮವಾರ ಹೊಸಬರಿಗೆಲ್ಲ ಓರಿಯಂಟೇಶನ್ ಇದೆ. ಅದಕ್ಕೆ ಮೊದಲೇ ಹೋಗಿ ಹೆಸರು ಕೊಟ್ಟು ಒಂದು ಚೀಟಿ ತಗೋಬೇಕು. ಆ ಚೀಟಿಯ ನಂಬರ್ ತೋರಿಸಿದರೆ ಮಾತ್ರ ಮೊದಲ ಟರ್ಮಿನ ಕ್ಲಾಸುಗಳಿಗೆ ಹೆಸರು ಬರೆದುಕೊಳ್ಳುತ್ತಾರೆ. ನಾನು ಹೆಸರು ಕೊಟ್ಟೆ, ಚೀಟಿಯೂ ಸಿಕ್ಕಿತು, ಆದರೆ ಬ್ಯಾಗಿನ ತಳ ಸೇರಿ ಮುದುಡಿಹೋಯಿತು. ನಿನ್ನೆ ಬೆಳಿಗ್ಗೆ ಕ್ಲಾಸುಗಳಿಗೆ ಹೆಸರು ಬರೆಸಲು ಹೊರಟು ನಾನು ತಲೆ ಬಾಚಿಕೊಳ್ಳುತ್ತಿದ್ದೆ. ಇಸ್ತ್ರಿ ಅಂಗಡಿಯವನ ಮಗಳು ಇಂಥದ್ದನ್ನು ಹಿಡಿದುಕೊಂಡು ಹೋದರೆ ಜನ ಏನೆಂದಾರು ಅಂತ ಅಪ್ಪನಿಗೆ ಅನ್ನಿಸಿರಬೇಕು. ಚೀಟಿಯನ್ನು ಮೇಜಿನ ಮೇಲೆ ಬಿಡಿಸಿ, ಮೇಲೊಂದು ತೆಳು ಬಟ್ಟೆ ಹಾಸಿ, ರೇಷ್ಮೆಗೆ ಇಡುವಷ್ಟೇ ಬಿಸಿ ಇಟ್ಟು ಇಸ್ತ್ರಿ ಆಡಿಸಿಬಿಟ್ಟರು. ಅದು ಬಸ್ ಟಿಕೆಟ್ಟಿನ ಥರದ ನುಣುಪು ಕಾಗದ, ಬಿಸಿ ತಾಗಿದರೆ ಕಪ್ಪಾಗುತ್ತದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಬಟ್ಟೆ ಎತ್ತಿದರೆ ಚೀಟಿ ಕಾಡಿಗೆಯ ಹಾಗಿತ್ತು. ಒಂದು ಸುಕ್ಕಿಲ್ಲ, ಒಂದು ಅಕ್ಷರವೂ ಇಲ್ಲ. "ಇಷ್ಟು ವರ್ಷದಲ್ಲಿ ಒಬ್ಬರ ಕರ್ಚೀಫೂ ಸುಟ್ಟವನಲ್ಲ ಕಣೇ ನಾನು" ಎಂದು ಅಪ್ಪ ಅಲ್ಲೇ ಕೂತುಬಿಟ್ಟರು. ನಾನು ಆ ಕಪ್ಪು ಚೀಟಿಯನ್ನೇ ಹಿಡಿದು ಕಾಲೇಜಿಗೆ ಓಡಿದೆ.

ಫೋಟೋ ತೆಗೆದಿಟ್ಟುಕೊಳ್ಳಬಾರದಿತ್ತಾ ಎಂದು ನೀನೂ ಕೇಳಬೇಡ, ಕಾಲೇಜಿನಲ್ಲಿ ಕಂಡವರೆಲ್ಲ ಕೇಳಿ ಆಯಿತು. ಕೌಂಟರಿನ ಮೇಡಂ ಚೀಟಿಯನ್ನು ಎರಡೂ ಕಡೆ ತಿರುಗಿಸಿ ನೋಡಿ "ಇದೇನಮ್ಮ, ಒಲೆಯಿಂದ ತೆಗೆದು ತಂದ್ಯಾ?" ಎಂದರು. "ಅಪ್ಪ ಇಸ್ತ್ರಿ ಮಾಡಿದ್ರು ಮೇಡಂ" ಎಂದೆ. ಹಿಂದಿದ್ದ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬೇರೆ ಚೀಟಿಗೆ ಬೇರೆ ಸಾಲು, ಅದು ಮೆಟ್ಟಿಲಿನವರೆಗೂ ಇತ್ತು. ಅದನ್ನು ಮುಗಿಸಿ ಕ್ಲಾಸುಗಳ ಕಿಟಕಿಯ ಹತ್ತಿರ ಬರುವಷ್ಟರಲ್ಲಿ, ಕೆಮಿಸ್ಟ್ರಿ ಲ್ಯಾಬಿನಲ್ಲಿ ಉಳಿದದ್ದು ಒಂದೇ ಸೀಟು ಎಂದು ಗೋಡೆಯ ಪರದೆ ತೋರಿಸುತ್ತಿತ್ತು. ಲ್ಯಾಬ್ ಇಲ್ಲದೆ ಕೆಮಿಸ್ಟ್ರಿಯೇ ಇಲ್ಲ, ತಪ್ಪಿದರೆ ಮುಂದಿನ ವರ್ಷ. ಕೆಲವು ಕಲೆ ಒಂದೇ ಒಗೆತಕ್ಕೆ ಹೋಗಿ ಕೆಲವು ಜಪ್ಪಯ್ಯ ಅಂದರೂ ಯಾಕೆ ಹೋಗಲ್ಲ ಅಂತ ನಾನು ಚಿಕ್ಕಂದಿನಿಂದ ನಿನ್ನ ತಲೆ ತಿಂದಿದ್ದೇನಲ್ಲ, ನನಗೆ ಬೇಕಾದ ಪಾಠ ಅದೊಂದೇ.

ನನ್ನ ಸರದಿ ಬಂತು. ಆಗಲೇ ಹಿಂದಿದ್ದ ಹುಡುಗಿ ಅಳತೊಡಗಿದಳು. ಮನೆಯವರು ಹೊರಗೆ ಕಾಯುತ್ತಿದ್ದಾರೆ, ತಡವಾಯಿತು ಎಂದೇನೋ ಹೇಳಿದಳು. "ಪರವಾಗಿಲ್ಲ, ನಿಮ್ಮದು ಮೊದಲು ಆಗಲಿ" ಎಂದುಬಿಟ್ಟೆ ಅಮ್ಮಾ! ಅಂಗಡಿಯಲ್ಲಿ ದಿನವಿಡೀ ಗಿರಾಕಿಗೆ ಹೇಳುವ ಮಾತು, ನಾಲಿಗೆಗೆ ಅಂಟಿಕೊಂಡಿದೆ. ಬೀದಿಯವರೆಲ್ಲ ಗರಿಗರಿಯಾಗಿ ಓಡಾಡುವಾಗ ನಾವು ಮೂವರು ಮುದ್ದೆ ಬಟ್ಟೆಯಲ್ಲಿ ಇರುವುದು ಈ ಮಾತಿನಿಂದಲೇ ತಾನೇ? ಅವಳು ಕಿಟಕಿಗೆ ಹೋದಳು, ಪರದೆಯಲ್ಲಿ ಒಂದು ಇದ್ದದ್ದು ಸೊನ್ನೆಯಾಯಿತು. ಅವಳು ಥ್ಯಾಂಕ್ಸ್ ಬೇರೆ ಹೇಳಿ ಹೋದಳು.

ಈಗ ಕಾಯುವವರ ಪಟ್ಟಿಯಲ್ಲಿ ನಾನೇ ಮೊದಲು. ಸೋಮವಾರ ಹೆಸರು ಕೂಗುವಾಗ ಲ್ಯಾಬಿನವರು ಯಾರಾದರೂ ಬಾರದಿದ್ದರೆ ಆ ಸೀಟು ನನಗೆ. ಆದರೆ ತಾಯಿಯೋ ತಂದೆಯೋ ಜೊತೆಗಿದ್ದು ಅಲ್ಲೇ ಸಹಿ ಹಾಕಬೇಕಂತೆ, ಇಲ್ಲದಿದ್ದರೆ ಮುಂದಿನವರಿಗೆ. ಸೀಟು ಹೋದದ್ದು ಅಪ್ಪನಿಗೆ ಗೊತ್ತಿಲ್ಲ. ಗೊತ್ತಾದರೆ ಅದು ಆ ಚೀಟಿಯಿಂದಲೇ ಎಂದು ಇಸ್ತ್ರಿ ಪೆಟ್ಟಿಗೆ ಮುಟ್ಟುವುದನ್ನೇ ಬಿಟ್ಟಾರು. ಸುಮ್ಮನೆ "ಸೋಮವಾರ ಬರ್ತೀರಾ ಅಪ್ಪಾ?" ಎಂದು ಕೇಳಿ ನೋಡಿದೆ. "ನಾನು ಬೇಡ ಮಗಾ, ನನ್ನ ಕೈ ತಾಗಿದ್ರೆ ಕೆಟ್ಟುಹೋಗುತ್ತೆ" ಎಂದರು. ಮತ್ತೆ ಕೇಳಲು ಮನಸ್ಸಾಗಲಿಲ್ಲ.

ನೀನೇನೂ ತಲೆ ಕೆಡಿಸಿಕೊಳ್ಳಬೇಡ. ನೀನು ಬರಲೇಬೇಕೆಂದೇನೂ ಇಲ್ಲ. ದೊಡ್ಡಮ್ಮನಿಗೆ ಪೂರ್ತಿ ವಾಸಿಯಾಗಲಿ, ಇಲ್ಲಿ ನಾನು ಹೇಗೋ ನೋಡಿಕೊಳ್ಳುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ದೊಡ್ಡಮ್ಮನಿಗೆ ನನ್ನ ನಮಸ್ಕಾರ ತಿಳಿಸು, ಅತ್ತಿಗೆಯರಿಬ್ಬರಿಗೂ ಕೇಳಿದೆ ಎಂದು ಹೇಳು.

ನಿನ್ನ
ಗುಬ್ಬಿ

ಮ.ವಿ.: ವ್ಯಾನಿನವರು ಹಾರ್ನ್ ಹೊಡೆಯುತ್ತಿದ್ದಾರೆ. ಬರಬೇಕೆಂದೇನೂ ಇಲ್ಲ ಅಂತ ಬರೆದೆನಲ್ಲ, ಅದು ಸುಳ್ಳು. ಬಾ ಅಮ್ಮಾ. ಯಾರದೋ ಮಗಳು ಸೋಮವಾರ ಬಾರದೇ ಇರಲಿ ಎಂದು ನಿನ್ನೆಯಿಂದ ಬೇಡಿಕೊಳ್ಳುತ್ತಿದ್ದೇನೆ, ನನ್ನನ್ನು ಕಂಡರೆ ನನಗೇ ಭಯವಾಗುತ್ತಿದೆ. ಇನ್ನೆರಡು ದಿನ ಇರು ಎಂದು ದೊಡ್ಡಮ್ಮ ಅಂದರೆ ಹೂಂ ಅನ್ನಬೇಡ. ಅವರಿಗೆ ಇಬ್ಬರು ಸೊಸೆಯರಿದ್ದಾರೆ, ನನಗೆ ನೀನೊಬ್ಬಳೇ. ಭಾನುವಾರ ಈ ವ್ಯಾನು ವಾಪಸ್ ಬರುವಾಗ ನಿಮ್ಮ ಬಾಗಿಲಿಗೇ ಬರುತ್ತದೆ. ಮುಂದಿನ ಸೀಟು ನಿನಗೇ ಎಂದು ಹೇಳಿಟ್ಟಿದ್ದೇನೆ. ಅದನ್ನು ಯಾರಿಗೂ ಬಿಟ್ಟುಕೊಡಬೇಡ.