ಗೊರಕೆ ಹೊಡೆಯದ ಎಮ್ಮೆಗಳು

ನವೆಂಬರ್ 11, ಸೋಮವಾರ, ಸಂಜೆ

ಹಂಪವ್ವನ ಆಕಳಿಗೆ ಗೊರಕೆ ರೋಗ. ಖಚಿತಪಡಿಸಿದವರು ಪಶು ವೈದ್ಯ ಕಳಕೇಶ, ಫೋನಿನಲ್ಲಿ. ಮೂಗಿನೊಳಗೆ ಹೂಕೋಸಿನಂತೆ ಮಾಂಸ ಬೆಳೆದಿದೆಯಂತೆ. ಅದು ಉಸಿರೆಳೆಯುವ ಸದ್ದು ಎರಡು ಮನೆಯಾಚೆ ನಮಗೂ ಕೇಳಿಸುತ್ತದೆ.

ಸಣ್ಣ ಸುದ್ದಿ ಮಾಡಿ, ನಾನು ಊರ ಸುದ್ದಿ ಬರೆಯುವ ಪೇಪರಿನ ಕೊಪ್ಪಳ ಆಫೀಸಿಗೆ ಕಳಿಸಿದೆ. ರೋಗ ಎಲ್ಲಿಂದ ಬಂತು ಎಂಬ ಸಾಲು ಬೇಕಿತ್ತು. ಡಾಕ್ಟರ್ ಅಷ್ಟರಲ್ಲಿ ಫೋನ್ ಇಟ್ಟಿದ್ದರು. ಅತ್ತೆ ಎಮ್ಮೆ ಹಿಂಡುತ್ತ ಅಂದರು, "ಕುಷ್ಟಗಿ ಕಡಿಂದ ತಂದಾಳಲ್ಲ, ಅದ ಹೊತ್ಕೊಂಡು ಬಂದೈತಿ. ನಮ್ಮ ಊರಾಗ ಎಲ್ಲಿತ್ತು ಈ ರೋಗ?"

ಹಾಗೇ ಬರೆದೆ. 'ಹೊರಗಿನಿಂದ ತಂದ ಆಕಳಿನಿಂದ ರೋಗ ಬಂದಿದೆ ಎಂದು ಗ್ರಾಮಸ್ಥರು ತಿಳಿಸಿದ್ದಾರೆ.' ಗ್ರಾಮಸ್ಥರು ಅಂದರೆ ಅತ್ತೆ ಒಬ್ಬರೇ.

ನವೆಂಬರ್ 13, ಬುಧವಾರ

ನಿನ್ನೆ ನಾಲ್ಕನೇ ಪುಟದಲ್ಲಿ ಬಂತು. ಚಹಾದಂಗಡಿಯ ಯಂಕೋಬ ಎಲ್ಲರಿಗೂ ಕೇಳುವಂತೆ ಓದಿದನಂತೆ. ಇಂದು ಹಂಪವ್ವನ ಆಕಳನ್ನು ಊರ ಹೊಂಡಕ್ಕೆ ಇಳಿಯಬಿಡಲಿಲ್ಲ. ಹಾಲಿನ ಡೈರಿಯಲ್ಲಿ ಅವಳ ಹಾಲೂ ಬೇಡ ಅಂದರು. ಅವಳ ಮನೆ ನಡೆಯುವುದೇ ಆ ಹಾಲಿನಿಂದ.

ಸಂಜೆ ಬಾಗಿಲಿಗೆ ಬಂದಳು. ಸೊಂಟದಲ್ಲಿ ಕೊಡ — ಆಕಳಿಗೆ ನಳದ ನೀರು ಹೊರುತ್ತಿದ್ದಾಳೆ.

"ರಂಜಿತಾ, ಯುಗಾದಿಗೆ ತಂದಾಗ ಅದರ ಮೂಗು ಛಲೋನ ಇತ್ತವಾ. ಗೊರಕಿ ಸುರು ಆಗಿದ್ದು ದಸರಾಕ್ಕ. ಬರಿಯೋಕಿಂತ ಮೊದ್ಲ ನನ್ನ ಒಂದು ಮಾತು ಕೇಳಬೇಕಿಲ್ಲೇನ? ನಾ ಏನು ದಿಲ್ಲ್ಯಾಗ ಅದೀನೇನ?"

ಕೂಡ್ರು ಯಕ್ಕಾ, ಚಹಾ ಮಾಡ್ತೀನಿ ಅಂದೆ.

"ಚಹಾಕ್ಕ ನಿಮ್ಮನಿ ಹಾಲು ಹಾಕ್ತೀಯಲ್ಲ, ಹಾಕ್ಕೊಂಡು ನೀನ ಕುಡಿ."

ನವೆಂಬರ್ 15, ಶುಕ್ರವಾರ

ಡಾಕ್ಟರ್ ಊರಿಗೆ ಬಂದರು. ಹೊಂಡಕ್ಕೆ ಇಳಿಯುವ ಎಲ್ಲ ದನಗಳ ಮೂಗಿನ ಸಿಂಬಳ ಬೇಕಂತೆ. ನಮ್ಮ ಮೂರು ಎಮ್ಮೆಗಳನ್ನು ನೀರಿನಿಂದ ಎಬ್ಬಿಸುವುದರಲ್ಲಿ ಸಾಕಾಯಿತು.

ಅತ್ತೆ ಬಿಡಲಿಲ್ಲ. "ನಮ್ಮ ಎಮ್ಮಿಗೇನಾಗೈತ್ರಿ ಸಾಹೇಬ್ರ? ನಮ್ಮ ಮನ್ಯಾಗ ಗೊರಕಿ ಹೊಡಿಯಾಂವ ನನ್ನ ಮಗ ಒಬ್ಬನ."

"ಹಂಗಾದ್ರ ಅವರ್ನೂ ಕರಕೊಂಡು ಬರ್ರಿ ಅಮ್ಮಾರ, ಅವರದೂ ಒಂದು ಸ್ಯಾಂಪಲ್ ತಗೋತೀನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಹಂಪವ್ವ ಆಕಳ ಹಗ್ಗ ಹಿಡಿದು ದೂರದಲ್ಲಿ ನಿಂತಿದ್ದಳು.

ನವೆಂಬರ್ 20, ಬುಧವಾರ

ಡಾಕ್ಟರ್ ಫೋನ್. ನಮ್ಮ ಎರಡು ಎಮ್ಮೆಗಳ ಸಿಂಬಳದಲ್ಲಿ ಹುಳುವಿನ ಮೊಟ್ಟೆ ಸಿಕ್ಕಿದೆ.

ಈ ಸಲ ಎಲ್ಲ ಕೇಳಿದೆ. ಆಕಳಿಗೂ ಎಮ್ಮೆಗೂ ಹುಳು ಒಂದೇ, ಮೂಗಿನ ರಕ್ತನಾಳದಲ್ಲಿ ಇರುವಂಥದ್ದು. ಆಕಳ ಮೈ ಅದರ ಮೊಟ್ಟೆಯನ್ನು ಸಹಿಸುವುದಿಲ್ಲ, ಸುತ್ತ ಮಾಂಸ ಬೆಳೆಯುತ್ತದೆ, ಉಸಿರು ಕಟ್ಟುತ್ತದೆ. ಎಮ್ಮೆಯಲ್ಲಿ ಹೆಚ್ಚಾಗಿ ಹೊರಗೆ ಏನೂ ಕಾಣುವುದಿಲ್ಲ.

"ಎಮ್ಮಿ ಸುಮ್ನ ಇರತೈತ್ರಿ, ಹುಳ ಸುಮ್ನ ಇರಂಗಿಲ್ಲ. ಮೊಟ್ಟಿ ಇಡ್ಕೋತನ ಇರತೈತಿ."

ಮೊಟ್ಟೆ ಸಿಂಬಳದ ಜೊತೆ ಹೊಂಡಕ್ಕೆ ಬೀಳುತ್ತದೆ. ಮೊಟ್ಟೆಯೊಡೆದು ಬಂದ ಮರಿ, ಹೊಂಡದ ಬಸವನಹುಳುವಿನೊಳಗೆ ಬೆಳೆದು ಹೊರಬರುತ್ತದೆ, ನೀರಿನಲ್ಲಿ ನಿಂತ ದನದ ಚರ್ಮ ಕೊರೆದು ಒಳಹೋಗುತ್ತದೆ. ದನದಿಂದ ದನಕ್ಕೆ ನೇರ ಹತ್ತುವುದಿಲ್ಲ. ಹಾಲಿನಲ್ಲೂ ಬರುವುದಿಲ್ಲ.

ಕುಷ್ಟಗಿ?

"ಆ ಆಕಳ ಅಲ್ಲಿ ಬೋರಿನ ನೀರು ಕುಡದು ಬೆಳದದ್ದು, ನಾ ವಿಚಾರಿಸೀನಿ. ಹುಳ ಹತ್ತಿದ್ದು ನಿಮ್ಮ ಹೊಂಡದಾಗ. ಪೇಪರಿನ್ಯಾಗ ಹಾಂಗ್ಯಾಕ ಬರದ್ರಿ ಮೇಡಂ?"

ಅತ್ತೆಗೆ ಹೇಳಿದೆ. "ಯಾರ ಮುಂದೂ ಬಾಯಿ ಬಿಡಬ್ಯಾಡ. ನಮ್ಮ ಹಾಲೂ ನಿಂದರಸ್ತಾರ. ಹೊಂಡ ಬಿಟ್ಟು ಎಮ್ಮಿ ಎಲ್ಲಿ ಮಲಗಬೇಕು?"

ಆಯ್ತು ಅಂದೆ. ಡಾಕ್ಟರಿಗೂ ಊರಲ್ಲಿ ನಾನೇ ತಿಳಿಸುತ್ತೇನೆ ಎಂದು ಹೇಳಿಟ್ಟೆ…

ನವೆಂಬರ್ 28, ಗುರುವಾರ

ಹಂಪವ್ವ ಆಕಳನ್ನು ಮಾರುತ್ತಾಳಂತೆ, ನೋಡಲು ದಲ್ಲಾಳಿ ಬಂದು ಹೋದನಂತೆ. ಯಂಕೋಬ ಹೇಳಿದ. "ನಿಮ್ಮ ಸುದ್ದಿ ಭಾಳ ಕೆಲಸ ಮಾಡೇತ್ರಿ ಅಕ್ಕಾರ, ರೋಗ ಊರು ಬಿಟ್ಟು ಹೊಂಟತಿ." ಹೊಗಳಿಕೆ ಅದು.

ಹಂಪವ್ವನ ಮನೆಗೆ ಹೋದೆ. ಮೇವು ಹಾಕುತ್ತಿದ್ದಳು. ನಿಂತೇ ಎಲ್ಲ ಹೇಳಿದೆ.

"ಯಾವಾಗ ಗೊತ್ತಾತು ನಿನಗ?"

"ಹೋದ ವಾರ, ಬುಧವಾರ."

"ನಿನ್ನೆನೂ ನಿಮ್ಮ ಎಮ್ಮಿ ಹೊಂಡದಾಗ ಇದ್ದುವು."

"ಹೌದು ಯಕ್ಕಾ."

"ಹಾಲೂ ಡೈರಿಗೆ ಹೋತು."

"ಹೌದು."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಿದ್ದುಪಡಿ ಕಳಿಸಿದ್ದೇನೆ, ಪೇಪರಿನಲ್ಲಿ ಬರುತ್ತದೆ ಅಂದೆ. ಸುಳ್ಳು. ಕಳಿಸಿದ್ದು ಅಲ್ಲಿಂದ ಬಂದ ಮೇಲೆ.

"ನನಗೇನು ಓದಾಕ ಬರತೈತೇನ? ಯಂಕೋಬ ಅದನ್ನ ಓದಿದ್ರ ಓದ್ಯಾನು, ಬಿಟ್ರ ಬಿಟ್ಟಾನು. ಮುಂಜಾನಿ ಎಲ್ಲಾರೂ ದನಾ ಹೊಡ್ಕೊಂಡು ಹೊಂಡಕ್ಕ ಬರ್ತಾರ. ಅಲ್ಲಿ ನಿಂತು ನಿನ್ನ ಬಾಯಿಲೆ ಹೇಳು. ಆಮ್ಯಾಲ ದಲ್ಲಾಳಿಗೆ ಏನು ಹೇಳಬೇಕೋ ನಾ ಹೇಳ್ತೀನಿ."

ದಲ್ಲಾಳಿ ನಾಳೆ ಮಧ್ಯಾಹ್ನ ಬರುತ್ತಾನೆ. ಡಾಕ್ಟರಿಗೆ ಫೋನ್ ಮಾಡಿದೆ. ಬೆಳಿಗ್ಗೆ ಬಂದು ಮೊದಲು ನಮ್ಮ ಎಮ್ಮೆಗಳಿಗೆ, ಆಮೇಲೆ ಆಕಳಿಗೆ ಇಂಜೆಕ್ಷನ್ ಶುರು ಮಾಡುತ್ತಾರಂತೆ.

ಸಂಜೆ ಅತ್ತೆಗೆ ಹೇಳಬೇಕೆಂದು ಕೊಟ್ಟಿಗೆಗೆ ಹೋದೆ. ಹಾಲಿನ ಕ್ಯಾನು ತೊಳೆದುಕೊಟ್ಟು ಬಂದೆ.

ನಾಳೆ ಆರೂವರೆಗೆ, ಹೊಂಡದ ಹತ್ತಿರ. ಅತ್ತೆ ಎಮ್ಮೆ ಹೊಡೆದುಕೊಂಡು ಬರುವುದೂ ಅದೇ ಹೊತ್ತಿಗೆ.